ಅಣ್ಣನ ಹಾವಸೆ, ಅತ್ತಿಗೆಯ ಕಣ್ಣು

ನಮ್ಮತ್ತಿಗೆ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ಅವರು ಮನೆ ಬಿಟ್ಟು ಹೊರಗೆ ದುಡಿದವರಲ್ಲ. ನಮ್ಮಣ್ಣ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಅವನ ನೋಟ ಅಂಚಿನಿಂದ ಕತ್ತಲಾಗುತ್ತ ಬಂತು. ಕೊನೆಗೆ ನಟ್ಟ ನಡುವೆ ಅಂಗಿಯ ಗುಂಡಿಯಷ್ಟು ಬೆಳಕು ಉಳಿದಿತ್ತು. ಅದೂ ಆರಿದ ಮೇಲೆ ಕಾಲೇಜಿನವರು ಹಾರ ಹಾಕಿ ಮನೆಗೆ ಕಳಿಸಿಕೊಟ್ಟರು. ಒಬ್ಬಳೇ ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಓದು ನಿಲ್ಲಬಾರದೆಂದು ಅತ್ತಿಗೆ ಸೆರಗು ಸಿಕ್ಕಿಸಿ ಹೊರಟರು.

ಲಾಂಡ್ರಿ ಆಸ್ಪತ್ರೆಯ ಹಿಂಭಾಗದಲ್ಲಿ, ನೆಲಮಾಳಿಗೆಯಲ್ಲಿತ್ತು. ದೊಡ್ಡ ಡ್ರಮ್ಮುಗಳಲ್ಲಿ ಒಗೆದ ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರಿನ ಬಾಯಿಗೆ ಕೊಡುವುದು, ಆ ಕಡೆಯಿಂದ ಬಂದದ್ದನ್ನು ಇಬ್ಬರು ಎದುರುಬದುರು ನಿಂತು ಮಡಿಸುವುದು, ಇಷ್ಟೇ ಕೆಲಸ. ಕೇಳಿದರೆ ಏನೂ ಇಲ್ಲ ಅನಿಸುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಆವಿಯಿಂದ ಕೂದಲು ಹಣೆಗೆ ಅಂಟಿರುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಾದದ ಮೇಲೆ ಅದರ ಪಟ್ಟಿಯ ಗುರುತು ಕಾಲುವೆಯ ಹಾಗೆ ಇಳಿದಿರುತ್ತಿತ್ತು.

"ಕಾಲು ನನ್ನದು ಅಂತ ಅನ್ನಿಸೋದೇ ಇಲ್ಲ ಪುಟ್ಟಿ. ಯಾರದ್ದೋ ಎರವಲು ತಂದ ಹಾಗಿದೆ" ಅನ್ನುತ್ತಿದ್ದರು. ಪುಟ್ಟಿ ಅಂದರೆ ನಾನು. ಅಣ್ಣನ ತಂಗಿ. ಮದುವೆಯಾಗಿ ಎರಡು ಬೀದಿ ಆಚೆಗಿದ್ದೆ. ಚಪ್ಪಲಿ ಅಂಗಡಿಯಲ್ಲಿ ಕೆಲಸ. ಮನೆಗೆ ಹೋಗುವ ದಾರಿಯಲ್ಲಿ ಇವರ ಮನೆಗೆ ಒಂದು ಗಳಿಗೆ ಹೊಕ್ಕು ಬರುವುದು ವಾಡಿಕೆ. ಆದ್ದರಿಂದ ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಕಣ್ಣಾರೆ ಕಂಡದ್ದೇ.

ಅಣ್ಣನಿಗೆ ಹೂ ಬಿಡುವ ಗಿಡಗಳೆಂದರೆ ಅಷ್ಟಕ್ಕಷ್ಟೆ. ಅವನ ಪ್ರಾಣವೆಲ್ಲ ಹೂವಿಲ್ಲದ, ಕಾಯಿಲ್ಲದ, ಬೀಜವೂ ಇಲ್ಲದ ಗಿಡಗಳ ಮೇಲೆ. ಗೋಡೆಯ ಹಾವಸೆ, ಬಾವಿಯ ಒಳಗೋಡೆಯ ಜರೀಗಿಡ, ಚರಂಡಿಯ ಪಕ್ಕ ಚಪ್ಪಟೆಯಾಗಿ ನೆಲಕ್ಕೆ ಮೆತ್ತಿಕೊಂಡಿರುವ, ಹೆಸರೇ ಇಲ್ಲದ ಹಸಿರು. ನೀರಿನಿಂದ ನೆಲಕ್ಕೆ ಮೊದಲು ಹತ್ತಿ ಬಂದ ಮನೆತನ ಇವು, ಉಳಿದವೆಲ್ಲ ಆಮೇಲೆ ಬಂದ ನೆಂಟರು ಅನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಅತ್ತಿಗೆ ಬಚ್ಚಲು ಉಜ್ಜುವಾಗ ಇವನು ಓಡಿ ಬಂದು, "ಆ ಮೂಲೆ ಮುಟ್ಟಬೇಡ!" ಅಂತ ಕೂಗಿದ್ದನಂತೆ. ಅತ್ತಿಗೆ ಹಾವೋ ಚೇಳೋ ಅಂದುಕೊಂಡು ಬ್ರಷ್ಷು ಬಿಸಾಕಿ ಹೊರಗೆ ಓಡಿದ್ದರು. ನೋಡಿದರೆ ಪಾಚಿ. "ಬೇರೆಯವರ ಗಂಡಂದಿರು ಕುಡೀತಾರೆ, ಇಸ್ಪೀಟು ಆಡ್ತಾರೆ. ನನ್ನ ಗಂಡನಿಗೆ ಪಾಚಿ ಚಟ" ಎಂದು ನಗೆಯಾಡುತ್ತಿದ್ದರು. ಆಗ ನಗುವ ಶಕ್ತಿ ಇತ್ತು.

ಕಣ್ಣು ಹೋದ ಮೇಲೆ ಅಣ್ಣ ಒಂದು ವರ್ಷ ಮಾತಿಲ್ಲದೆ ಕೂತ. ಆಮೇಲೆ ಒಂದು ದಿನ, ಈ ಊರಿನ ಬೀಜವಿಲ್ಲದ ಗಿಡಗಳ ಬಗ್ಗೆ ಪುಸ್ತಕ ಬರೆಯುತ್ತೇನೆ ಅಂದ. ಊರಲ್ಲಿ ಇರುವಷ್ಟನ್ನೂ ಒಂದು ಬಿಡದೆ. ನೋಡುವವರು ಯಾರು? ಮೊದಲು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ.

"ಏನು ಕಾಣ್ತಿದೆ?"

"ಹಸಿರಾಗಿದೆ."

"ಹಸಿರು ಗೊತ್ತು. ಹೇಗಿದೆ ಹೇಳು."

"ಚೆನ್ನಾಗಿದೆ ಅಣ್ಣ."

"ಎದ್ದೇಳು" ಅಂದ. ನನ್ನ ಕೆಲಸ ಅಲ್ಲಿಗೇ ಮುಗಿಯಿತು. ಆ ಕುರ್ಚಿಯಲ್ಲಿ ಅತ್ತಿಗೆ ಕೂತರು. ಕೂತವರು ಏಳಲಿಲ್ಲ.

ಶುರುವಿನಲ್ಲಿ ದಿನಾ ಜಗಳ. ಅಣ್ಣನಿಗೆ ಪುಸ್ತಕದ ಶಬ್ದ ಬೇಕು, ಅತ್ತಿಗೆಗೆ ಅದು ಬಾರದು. "ಉದ್ದನೆ ಕಡ್ಡಿ ಮೇಲೆ ಒಂದು ಕೊಡ ಕೂತಿದೆ. ಮುಚ್ಚಳ ಬಿದ್ದುಹೋಗಿದೆ. ಬಾಯಿ ಸುತ್ತ ಬಾಚಣಿಗೆ ಹಲ್ಲಿನ ಥರ ಇದೆ" ಅನ್ನುವರು. ಅಣ್ಣ ರೇಗುವನು. ಆಮೇಲೆ ತಾನೇ ಯೋಚಿಸಿ, "ಹಲ್ಲು ಒಂದು ಸಾಲೋ ಎರಡೋ? ಒಳಕ್ಕೆ ಬಾಗಿದೆಯೋ ಹೊರಕ್ಕೋ?" ಅಂತ ಕೇಳುವನು. ಹವೆ ಒಣಗಿದ್ದಾಗ ಆ ಹಲ್ಲುಗಳು ತೆರೆದುಕೊಂಡು ಒಳಗಿನ ಬೀಜಾಣುಗಳನ್ನು ಗಾಳಿಗೆ ಬಿಡುತ್ತವೆ, ಒದ್ದೆಯಾದರೆ ಮುಚ್ಚಿಕೊಳ್ಳುತ್ತವೆ ಎಂದು ವಿವರಿಸುವನು. ಬೀಜಾಣು ಅಂದರೆ ಬೀಜವಲ್ಲ, ಬರೀ ಧೂಳು. ಬೀಜದ ಒಳಗೆ ಮರಿಗಿಡವೂ ಅದಕ್ಕೆ ಬುತ್ತಿಯೂ ಇರುತ್ತದೆ. ಈ ಧೂಳಿನೊಳಗೆ ಎರಡೂ ಇಲ್ಲ.

ಜರೀಗಿಡದ ಸಂಸಾರ ಅತ್ತಿಗೆಗೆ ಬಹಳ ದಿನ ಅರ್ಥವಾಗಿರಲಿಲ್ಲ. ಎಲೆಯ ಬೆನ್ನಿಗೆ ಕಂದು ಚುಕ್ಕೆ, ಅದರಿಂದ ಧೂಳು. ಆ ಧೂಳು ಮೊಳೆತರೆ ಜರೀಗಿಡ ಬರುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ಪೊರೆ ಬರುತ್ತದೆ. ಗಂಡು ಹೆಣ್ಣು ಎರಡೂ ಆ ಪೊರೆಯ ಹೊಟ್ಟೆಯ ಕೆಳಗೆ. ಅಲ್ಲೊಂದು ಹನಿ ನೀರು ನಿಂತರೆ ಗಂಡು ಕಣ ಈಜಿಕೊಂಡು ಹೋಗಿ ಹೆಣ್ಣನ್ನು ಸೇರಬೇಕು. ಆಮೇಲೇ ಅದರ ಮೇಲೆ ಜರೀಗಿಡ ಏಳುವುದು. ಅಣ್ಣ ಇದನ್ನು ಎಷ್ಟು ಸಲ ಹೇಳಿದರೂ ಅತ್ತಿಗೆಯ ತಲೆಗೆ ಹತ್ತಲಿಲ್ಲ. ಕೊನೆಗೊಮ್ಮೆ, ಮಾದರಿಗಳನ್ನು ಮನೆಯಲ್ಲಿ ಬೆಳೆಸುತ್ತಿದ್ದ ಮಣ್ಣಿನ ಟ್ರೇಯಲ್ಲಿ ಆ ಪೊರೆಯಿಂದ ಸುರುಳಿ ಎಲೆ ತಲೆಯೆತ್ತಿದ್ದನ್ನು ಕಂಡು ಅವರೇ ಹೇಳಿದರು.

"ಅಂದ್ರೆ ಮಗಳು ಅಮ್ಮನ ಥರ ಇರಲ್ಲ. ಮೊಮ್ಮಗಳು ಅಜ್ಜಿ ಥರ ಇರ್ತಾಳೆ. ಅಷ್ಟೇ ತಾನೇ?"

ಅಣ್ಣ "ಅಷ್ಟೇ" ಅಂದ.

"ಮತ್ತೆ ಹಾವಸೆಲಿ?"

"ಅಲ್ಲಿ ನಾವು ನೋಡೋ ಹಸಿರು ಗಿಡಾನೇ ಗಂಡು ಹೆಣ್ಣು. ನೀನು ಕೊಡ ಅಂತೀಯಲ್ಲ, ಅದು ಅವರ ಮಗು. ಅಮ್ಮನ ತಲೆ ಮೇಲೇ ಹುಟ್ಟಿ, ಅಲ್ಲೇ ನಿಂತು, ಅವಳ ಹತ್ರಾನೇ ತಿಂದು ಸಾಯುತ್ತೆ."

"ಎಲ್ಲಾ ಕಡೆ ಇದೇ ಹಣೆಬರಹ" ಎಂದು ಅತ್ತಿಗೆ ಸೀರೆಯಲ್ಲಿ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಮಾದರಿ ತರುವುದೂ ಅವರೇ. ಲಾಂಡ್ರಿಯ ಹಿಂದೆ ಬಿಸಿನೀರು ಹರಿದುಹೋಗುವ ಕಲ್ಲಿನ ಮೋರಿಯ ಇಬ್ಬದಿಯಲ್ಲೂ ಇಂಥವು ದಟ್ಟವಾಗಿ ಬೆಳೆಯುತ್ತಿದ್ದವು. ಕೆಲಸ ಮುಗಿದ ಮೇಲೆ ಅತ್ತಿಗೆ ಬೆಣ್ಣೆ ಸವರುವ ಚಾಕು ಹಿಡಿದು ಅಲ್ಲಿ ಕುಕ್ಕರಗಾಲಲ್ಲಿ ಕೂತು ಕೆರೆಯುತ್ತಿದ್ದರು. ಆಸ್ಪತ್ರೆಯ ಕಾವಲುಗಾರ ದೂರದಿಂದ, "ಏನಮ್ಮ, ಉಂಗುರ ಬಿತ್ತಾ?" ಅಂತ ಮೊದಮೊದಲು ಕೇಳುತ್ತಿದ್ದ. ಆಮೇಲೆ, "ಉಂಗುರ ಸಿಕ್ತಾ?" ಅನ್ನುವುದೇ ಅವನ ನಮಸ್ಕಾರವಾಯಿತು.

ಸಂತೋಷವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಳ್ಳದ ಮರಳಿನಿಂದ ಕುದುರೆಬಾಲದ ಗಿಡ ತಂದಿದ್ದರು. ಎಲೆ ಕಾಣದ, ಗೆಣ್ಣುಗೆಣ್ಣಾದ ಕಡ್ಡಿ. ತುದಿಯಲ್ಲಿ ಪುಟ್ಟ ಗೋಪುರ. ಅದರ ಧೂಳನ್ನು ಸ್ಲೈಡಿನ ಮೇಲೆ ಉದುರಿಸಿ, "ಮೆತ್ತಗೆ ಉಸಿರು ಬಿಡು" ಎಂದ ಅಣ್ಣ. ಬೀಜಾಣುಗಳಿಗೆ ನಾಲ್ಕು ನಾಲ್ಕು ತೋಳು. ಉಸಿರಿನ ತೇವ ತಾಗಿದ್ದೇ ಎಲ್ಲವೂ ತೋಳು ಮಡಚಿ ಮುದುರಿದವು. ಆರಿದ್ದೇ ತಟ್ಟನೆ ತೋಳು ಚಾಚಿ ಕುಪ್ಪಳಿಸಿದವು. ಅತ್ತಿಗೆ "ಅಯ್ಯೋ, ಕುಣೀತಿವೆ ಕಣ್ರೀ!" ಎಂದು ಕೂಗಿ, ಮತ್ತೆ ಮತ್ತೆ ಉಸಿರು ಬಿಟ್ಟು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ನಗುವಿನ ಸದ್ದು ಬಂದ ಕಡೆಗೆ ಅಣ್ಣ ಮುಖ ತಿರುಗಿಸಿ ಕೂತಿದ್ದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಆಮೇಲೆ ಹೆಚ್ಚು ಸಲ ನೋಡಲಿಲ್ಲ.

ದಿನಗಳು ಹಾಗೆ ಇರಲಿಲ್ಲ. ಸಂಜೆ ಬಂದು, ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಟ್ರೇಗಳಿಗೆ ನೀರು ಚಿಮುಕಿಸಿ, ಮೈಕ್ರೋಸ್ಕೋಪಿನ ಮುಂದೆ ಕೂರಬೇಕು. ಅಣ್ಣ ಟೇಪ್ ರೆಕಾರ್ಡರ್ ಒತ್ತಿ ಕಾಯುತ್ತಿದ್ದ. ಹಗಲೆಲ್ಲ ಒಬ್ಬನೇ ಇದ್ದವನಿಗೆ ಸಂಜೆ ಆಗುವುದೇ ತಡ. ಬಾಗಿಲ ಚಿಲಕದ ಸದ್ದಿಗೆ, "ಬಂದ್ಯಾ? ಇವತ್ತು ಮೂರನೇ ಟ್ರೇ" ಅನ್ನುವನು. ಊಟ ಆಯಿತಾ, ಬಸ್ಸು ಸಿಕ್ಕಿತಾ ಅನ್ನುವ ಮಾತಿಲ್ಲ. ಕೆಟ್ಟವನಲ್ಲ ನಮ್ಮಣ್ಣ. ಅವನ ಜಗತ್ತು ಒಂದು ಟ್ರೇಯಷ್ಟಕ್ಕೆ ಕುಗ್ಗಿತ್ತು, ಅದರ ಕಿಟಕಿ ಅತ್ತಿಗೆಯ ಕೈಯಲ್ಲಿತ್ತು. ಕಿಟಕಿಗೆ ಸುಸ್ತಾಗುತ್ತದೆ ಅಂತ ಯಾರಿಗೆ ಹೊಳೆಯುತ್ತದೆ? ನನಗೂ ಹೊಳೆದಿರಲಿಲ್ಲ. ನಾನೂ ಅಲ್ಲೇ ಕೂತು ಕಾಫಿ ಕುಡಿದು ಎದ್ದು ಹೋಗುತ್ತಿದ್ದವಳೇ.

ಒಂದು ದಿನ ಲಾಂಡ್ರಿಯಲ್ಲಿ ನೀರು ಹಿಂಡುವ ಯಂತ್ರ ಕೆಟ್ಟಿತು. ಅಷ್ಟೂ ಹಾಸಿಗೆ ಬಟ್ಟೆಯನ್ನು ಹೆಂಗಸರೇ ಕೈಯಲ್ಲಿ ಹಿಂಡಿದರು. ಅತ್ತಿಗೆ ಮನೆಗೆ ಬಂದಾಗ ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ಕೂತರು. ಅವತ್ತಿನದು ಚಪ್ಪಟೆ ಜಾತಿಯದು, ಮೋರಿಯ ಕಲ್ಲಿನಿಂದ ತಂದದ್ದು. ಅದರ ಮೈಮೇಲೆ ಕಡ್ಡಿ ಎದ್ದು, ತುದಿಯಲ್ಲಿ ಪುಟಾಣಿ ಕೊಡೆ ಬಿಚ್ಚಿಕೊಳ್ಳುತ್ತದೆ. ಗಂಡಿನ ಕೊಡೆಗೆ ತಟ್ಟೆಯ ಹಾಗೆ ಅಲೆಅಲೆಯಾದ ಅಂಚು. ಹೆಣ್ಣಿನದಕ್ಕೆ ಇಳಿಬಿದ್ದ ಬೆರಳುಗಳು. ಗಂಡು ಬೇರೆ ಗಿಡ, ಹೆಣ್ಣು ಬೇರೆ ಗಿಡ. ಅತ್ತಿಗೆ ಮಸೂರಕ್ಕೆ ಕಣ್ಣಿಟ್ಟು ಹೇಳುತ್ತ ಹೋದರು.

"ಅಂಚು ಅಲೆ ಇದೆ."

"ಸರಿ. ಪಕ್ಕದ್ದು?"

"ಬೆರಳು... ಬೆರಳು ಇಳಿಬಿದ್ದಿದೆ."

"ಪಕ್ಕದ್ದು ಅಂದ್ರೆ ಬೇರೆ ಗಿಡದ್ದಾ, ಅದೇ ಗಿಡದ್ದಾ?"

ಅತ್ತಿಗೆಯ ತಲೆ ಮಸೂರದ ಮೇಲೆ ಇನ್ನಷ್ಟು ಬಾಗಿತು.

"ಒಂದೇ ಗಿಡದಲ್ಲಾ?"

"ಹ್ಞೂಂ" ಅಂದರು ಅತ್ತಿಗೆ.

ಅವರ ಕಣ್ಣು ಮುಚ್ಚಿತ್ತು. ನಾನು ಕೂತಿದ್ದ ಜಾಗದಿಂದ ಕಾಣುತ್ತಿತ್ತು. ಪಾಪ, ಒಂದು ಗಳಿಗೆ ಕಣ್ಣಿಗೆ ಬಿಡುವು ಕೊಡುತ್ತಿದ್ದಾರೆ ಅಂದುಕೊಂಡೆ.

ಮರುದಿನ ಹೋದರೆ ಅಣ್ಣ ಹುಡುಗನ ಹಾಗೆ ಕುಣಿಯುವುದೊಂದು ಬಾಕಿ. ಒಂದೇ ಗಿಡದಲ್ಲಿ ಗಂಡು ಕೊಡೆಯೂ ಹೆಣ್ಣು ಕೊಡೆಯೂ! ಈ ಜಾತಿಯಲ್ಲಿ ಹೀಗಿರುವುದನ್ನು ತಾನೆಲ್ಲೂ ಓದಿಲ್ಲ, ಕೇಳಿಲ್ಲ. ತನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದ. ಅವಳೀಗ ದೊಡ್ಡ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು. ರಜೆ ನೋಡಿಕೊಂಡು ತಾನೇ ಬಂದು ನೋಡುತ್ತೇನೆ ಅಂದಿದ್ದಳು. "ಎಷ್ಟು ವರ್ಷ ಆಯ್ತು ಪುಟ್ಟಿ, ನನ್ನ ಮನೆಗೆ ಯಾರಾದ್ರೂ ಏನಾದ್ರೂ ನೋಡೋಕೆ ಅಂತ ಬಂದು!" ಅಂದ.

ಅತ್ತಿಗೆ ಕೆಲಸದಿಂದ ಬಂದರು. ಅಣ್ಣ ಅದನ್ನೇ ಮೊದಲಿಂದ ಹೇಳಿದ. ಅವರು ಚೀಲ ಕೆಳಗಿಡದೆ ನಿಂತೇ ಕೇಳಿಸಿಕೊಂಡರು. ಅವರ ಮುಖದ ಬಣ್ಣ ಇಳಿದುಹೋಯಿತು.

ಆ ವಾರವೆಲ್ಲ ಅವರು ಆ ಟ್ರೇಯಲ್ಲಿ ಅಂಥ ಗಿಡಕ್ಕಾಗಿ ಹುಡುಕಿದರು. ಅಣ್ಣ ಕೇಳದೆಯೇ ತಾವಾಗಿ ಮೈಕ್ರೋಸ್ಕೋಪಿನ ಮುಂದೆ ಕೂರುವುದು ನೋಡಿ ಅವನಿಗೆ ಹಿಗ್ಗು. ಸೂಜಿಯಿಂದ ಒಂದೊಂದೇ ಗಿಡ ಬಿಡಿಸಿದರು. ಒಂದರ ಮೇಲೊಂದು ಹೆಣೆದುಕೊಂಡಿದ್ದವು, ಬಿಡಿಸಿದರೆ ಎಲ್ಲ ಬೇರೆ ಬೇರೆ. ಗಂಡು ಗಂಡೇ, ಹೆಣ್ಣು ಹೆಣ್ಣೇ. ಲಾಂಡ್ರಿಯಲ್ಲಿ ಊಟದ ಬಿಡುವಿನಲ್ಲಿ ಮೋರಿಯ ಹತ್ತಿರ ಹೋಗಿ ಮತ್ತಷ್ಟು ಕೆರೆದು ತಂದರು. ಅದರಲ್ಲೂ ಇಲ್ಲ. ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು.

"ನಾನು ನೋಡ್ಲೇ ಇಲ್ಲ ಪುಟ್ಟಿ. ನಿದ್ದೆ ಬಂದಿತ್ತು. ಏನು ಕೇಳಿದ್ರು, ಏನು ಹೇಳ್ದೆ, ಒಂದೂ ನೆನಪಿಲ್ಲ."

"ಹೇಳಿಬಿಡಿ ಅತ್ತಿಗೆ. ಏನಂತಾರೆ, ತಿಂದುಬಿಡ್ತಾರಾ?"

"ತಿಂದ್ರೆ ಪರವಾಗಿಲ್ಲ. ಅವರ ಮುಖ ನೋಡಿದ್ಯಾ?"

ಪ್ರೊಫೆಸರ್ ಬರುವ ಹಿಂದಿನ ದಿನ ಬೆಳಗ್ಗೆ ಅಣ್ಣ ಜಗಲಿಯ ಬಿಸಿಲಲ್ಲಿ ಕೂತಿದ್ದ, ಅತ್ತಿಗೆ ಅವನಿಗೆ ಕ್ಷೌರ ಮಾಡುತ್ತಿದ್ದರು. ಕಣ್ಣು ಹೋದಾಗಿನಿಂದ ಅದೂ ಅವರ ಕೆಲಸವೇ. ನಾನು ಹಾಲು ಕೊಡಲು ಹೋಗಿದ್ದೆ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಇತ್ತು.

"ರೀ, ಆ ಗಿಡದಲ್ಲಿ ಗಂಡು ಹೆಣ್ಣು ಒಟ್ಟಿಗೆ ಇಲ್ಲ."

"ಯಾವ ಗಿಡ?"

"ಕೊಡೆ ಗಿಡ. ನಾನು ಅವತ್ತು ನೋಡದೇ ಹ್ಞೂಂ ಅಂದೆ. ಆಮೇಲೆ ಹುಡುಕಿದೆ. ಒಂದರಲ್ಲೂ ಇಲ್ಲ."

ಅಣ್ಣ ಕೂಗಾಡುತ್ತಾನೆ ಅಂದುಕೊಂಡೆ. ಅವನು ಕೈಯೆತ್ತಿ, ಕೆನ್ನೆಯ ಮೇಲಿನ ನೊರೆಯನ್ನು ತಾನೇ ಒರೆಸಿಕೊಂಡ. ಆಮೇಲೆ ಕೇಳಿದ.

"ಹೀಗೆ ಎಷ್ಟು ಸಲ ಆಗಿದೆ?"

ಅತ್ತಿಗೆ ಬ್ಲೇಡನ್ನು ನೀರಿನಲ್ಲಿ ಅದ್ದಿದರು, ತೆಗೆದರು. "ಗೊತ್ತಿಲ್ರೀ" ಅಂದರು.

ಆ ಮಾತಿಗೆ ಎರಡು ವರ್ಷದ ಕೆಲಸ ಪೂರ್ತಿ ಕುಸಿಯಿತು. ಆ ಕ್ಯಾಸೆಟ್ಟುಗಳಲ್ಲಿ ಯಾವ ಮಾತು ಕಂಡದ್ದು, ಯಾವುದು ನಿದ್ದೆಗಣ್ಣಿನದು, ಹೇಳುವವರು ಯಾರೂ ಇಲ್ಲ. ಅಣ್ಣ ಅರ್ಧ ಗಡ್ಡದಲ್ಲೇ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗಿ ಮಲಗಿದ. ಅತ್ತಿಗೆ ನೀರು ಚೆಲ್ಲಿ, ಕನ್ನಡಿ ತೆಗೆದಿಟ್ಟು, ಲಾಂಡ್ರಿಗೆ ಹೋದರು. ಹೋಗದಿದ್ದರೆ ನಡೆಯುವ ಕೆಲಸವಲ್ಲ ಅದು.

ಪ್ರೊಫೆಸರಿಗೆ ಬರಬೇಡಿ ಅಂತ ಹೇಳುವುದು ಯಾರಿಗೂ ತೋಚಲಿಲ್ಲ. ಮರುದಿನ ಅವರು ಬಂದೇ ಬಂದರು. ನನ್ನ ವಾರಿಗೆಯ ಹೆಂಗಸು, ಕೈಯಲ್ಲಿ ಹಣ್ಣಿನ ಚೀಲ. ಅಣ್ಣನೇ ಬಾಗಿಲಿಗೆ ಬಂದು, "ಬಾಮ್ಮ. ನಿನ್ನನ್ನ ಸುಮ್ಮನೆ ಓಡಾಡಿಸಿದೆ. ತಪ್ಪು ನೋಡಿದ್ವಿ" ಅಂದ. ನೋಡಿದಳು ಅನ್ನಲಿಲ್ಲ, ನೋಡಿದ್ವಿ ಅಂದ. ಅತ್ತಿಗೆ ಅದನ್ನು ಕೇಳಿಸಿಕೊಂಡರು.

ಪ್ರೊಫೆಸರ್ ಟ್ರೇಗಳನ್ನೆಲ್ಲ ನೋಡಿದರು, ಕ್ಯಾಸೆಟ್ ಹಾಕಿಸಿ ಕೇಳಿದರು. ಕೊಡ, ಮುಚ್ಚಳ, ಬಾಚಣಿಗೆ ಹಲ್ಲು, ಎಲ್ಲ ಬಂತು. ಒಂದು ಕಡೆ ಗುರುಗುಟ್ಟುವ ಸಣ್ಣ ಗೊರಕೆ ಕೂಡ ಕೇಳಿಸಿತು. ಪ್ರೊಫೆಸರ್ ನಗು ತಡೆದುಕೊಂಡು, "ಸರ್, ತುಂಬಾ ಚೆನ್ನಾಗಿ ವರ್ಣಿಸಿದಾರೆ. ನಾನು ಆಗಾಗ ಬಂದು ಒಂದೊಂದಾಗಿ ತಾಳೆ ನೋಡ್ತೀನಿ. ಮೇಡಂ ಸ್ವಲ್ಪ ಹುಷಾರಾಗಿ ನೋಡಿದ್ರೆ ಸಾಕು" ಅಂದರು.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಅತ್ತಿಗೆ ಅದನ್ನು ಮೇಜಿನ ಮೇಲಿಟ್ಟರು.

"ಹುಷಾರು ನನ್ನ ಹತ್ರ ಇಲ್ಲಮ್ಮ. ಇದ್ದದ್ದೆಲ್ಲ ಲಾಂಡ್ರಿಲಿ ಮುಗಿಯುತ್ತೆ. ನಂಗೆ ಸುಸ್ತಾಗಿದೆ. ಇವತ್ತು ಅಂತಲ್ಲ. ಎರಡು ವರ್ಷದಿಂದ ಸುಸ್ತಾಗಿದೆ."

ಅಳುತ್ತ ಹೇಳಲಿಲ್ಲ, ಜೋರಾಗಿಯೂ ಅಲ್ಲ. ಮನೆಗೆ ಮೊದಲ ಸಲ ಬಂದವರ ಮುಂದೆ, ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದರು. ಅಣ್ಣ ಮುಖ ಅವರ ಕಡೆಗೆ ತಿರುಗಿಸಿದ. "ನನಗೆ ಯಾಕೆ ಹೇಳಲಿಲ್ಲ?" ಅಂದ.

"ನೀವು ಕೇಳಲಿಲ್ಲ."

ಪ್ರೊಫೆಸರ್ ಕಾಫಿ ಕುಡಿದು ಸಂಜೆಯ ರೈಲಿಗೆ ಹೋದರು. ಆಮೇಲೆ ಏನೋ ದೊಡ್ಡದು ನಡೆಯಿತು ಅಂತ ಹೇಳಲಾರೆ. ಕೆಲವು ತಿಂಗಳು ಮೈಕ್ರೋಸ್ಕೋಪಿನ ಮೇಲೆ ದಿಂಬಿನ ಚೀಲ ಹೊದಿಸಿತ್ತು. ಅಣ್ಣ ಹಗಲು ಹೊತ್ತಿನಲ್ಲಿ ಮನೆಯ ಕೆಲಸ ಕಲಿಯತೊಡಗಿದ. ಹುರುಳಿಕಾಯಿ ನಾರು ತೆಗೆಯುವುದು, ಬಟ್ಟೆ ಮಡಿಸುವುದು, ಅಕ್ಕಿ ತೊಳೆದು ಬೆರಳ ಗೆಣ್ಣಿನಲ್ಲಿ ನೀರು ಅಳೆದು ಇಡುವುದು. ಒಂದು ಸಲ ಒಲೆಯ ಹತ್ತಿರ ಅಂಗೈ ಸುಟ್ಟುಕೊಂಡ, ಎರಡು ಸಲ ಹಾಲು ಉಕ್ಕಿಸಿದ. ಅವನು ಮಡಿಸಿದ ಬಟ್ಟೆ ನೋಡಿ ಅತ್ತಿಗೆ, "ಆಸ್ಪತ್ರೇಲಾಗಿದ್ರೆ ನಿಮ್ಮನ್ನ ಮೊದಲ ದಿನಾನೇ ಮನೆಗೆ ಕಳಿಸ್ತಿದ್ರು" ಅಂದರು. ಬಾಗಿಲ ಚಿಲಕ ಸದ್ದಾದರೆ ಈಗ, "ಬಂದ್ಯಾ? ಕೂತ್ಕೋ" ಅನ್ನುತ್ತಿದ್ದ. ಅತ್ತಿಗೆ ಕೂರುತ್ತಿದ್ದರು. ಕೂತಲ್ಲೇ ತೂಕಡಿಸುತ್ತಿದ್ದರು. ಯಾರೂ ಎಬ್ಬಿಸುತ್ತಿರಲಿಲ್ಲ.

ದಿಂಬಿನ ಚೀಲ ತೆಗೆದದ್ದು ಅತ್ತಿಗೆಯೇ, ಒಂದು ಭಾನುವಾರ, ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ. "ಒಂದು ನೋಡ್ತೀನಿ. ಒಂದೇ" ಅಂದರು. ಅಲ್ಲಿಂದಾಚೆಗೆ ಭಾನುವಾರಕ್ಕೆ ಒಂದೇ ಗಿಡ, ಅದೂ ಮನಸ್ಸಿದ್ದರೆ. ಅಣ್ಣ ಪ್ರತಿ ಪ್ರಶ್ನೆಯ ನಡುವೆ, "ಸುಸ್ತಾಯ್ತಾ?" ಅನ್ನುವನು. ಎಷ್ಟು ಸಲ ಕೇಳುತ್ತಿದ್ದನೆಂದರೆ ಅತ್ತಿಗೆಗೆ ಅದೇ ಸುಸ್ತು. ಹಳೆಯ ಕ್ಯಾಸೆಟ್ಟುಗಳನ್ನು ಅವನು ಬಳಸಲಿಲ್ಲ. ಮತ್ತೆ ನೋಡಿದ್ದನ್ನು, ಪ್ರೊಫೆಸರ್ ಬಂದಾಗ ತಾಳೆ ಹಾಕಿದ್ದನ್ನು ಮಾತ್ರ ಉಳಿಸಿಕೊಂಡ. ಹೀಗಾಗಿ ಊರಿನ ಗಿಡಗಳಲ್ಲಿ ಅರ್ಧವೂ ಪುಸ್ತಕಕ್ಕೆ ಬರಲಿಲ್ಲ. ಬಾವಿಯ ಜರಿಗಳು ಪೂರ್ತಿ ಬಿಟ್ಟುಹೋದವು. ಅಷ್ಟರಲ್ಲಿ ಬಾವಿಯನ್ನೇ ಮುಚ್ಚಿದ್ದರು.

ಪುಸ್ತಕ ತೆಳ್ಳಗೆ ಬಂತು. ಹೆಚ್ಚು ಜನ ಕೊಳ್ಳಲಿಲ್ಲ. ಕೆಲವು ಕಾಲೇಜುಗಳಲ್ಲಿ ಇದೆಯಂತೆ. ಅದು ಬಂದ ಎರಡನೇ ವರ್ಷ ಅಣ್ಣ ಹೃದಯದ ತೊಂದರೆಯಿಂದ ತೀರಿಕೊಂಡ. ಅತ್ತಿಗೆ ಮೈಕ್ರೋಸ್ಕೋಪನ್ನು ಪ್ರೊಫೆಸರಿಗೆ ಕೊಟ್ಟರು. ಟ್ರೇಗಳನ್ನು ಯಾರೂ ಕೇಳಲಿಲ್ಲ. ಹಿತ್ತಲ ಗೋಡೆಯ ನೆರಳಿಗೆ ಮಣ್ಣು ಸಮೇತ ಸುರಿದರು. ಕೆಲವು ಹಿಡಿದುಕೊಂಡವು, ಕೆಲವು ಇಲ್ಲ.

ಈಗ ಲಾಂಡ್ರಿಯ ಕೆಲಸವೂ ಮುಗಿದಿದೆ. ಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುತ್ತಾರೆ, ಮಿಕ್ಕ ದಿನ ಇಲ್ಲೇ. ಮೊಣಕಾಲು ಹಿಡಿದುಕೊಂಡಿದೆ. ಹೋದ ವಾರ ನಾನು ಹೋದಾಗ ಮಧ್ಯಾಹ್ನ. ಅತ್ತಿಗೆ ಚಾಪೆಯ ಮೇಲೆ ಒರಗಿದ್ದರು.

"ಅಣ್ಣ ಇಲ್ಲದೆ ಬೇಜಾರಾಗಲ್ವಾ ಅತ್ತಿಗೆ?" ಅಂದೆ.

"ಆಗುತ್ತೆ" ಅಂದರು. ಮೊಣಕಾಲು ನೀವಿಕೊಳ್ಳುತ್ತ, "ಏನಾದ್ರೂ ಹೊಸದು ಕಂಡ್ರೆ ಹೇಳೋಕೆ ಬಾಯಿ ತೆಗೀತೀನಿ. ಅಷ್ಟರಲ್ಲಿ ನೆನಪಾಗುತ್ತೆ. ನೀನು ಬೇಜಾರು ಮಾಡ್ಕೋಬೇಡ, ನಿನಗೆ ಹೇಳಿದ್ರೆ ಚೆನ್ನಾಗಿದೆ ಅಂತೀಯ ಅಷ್ಟೇ" ಎಂದು ಮಗ್ಗುಲಾದರು.

ನಾನು ಅಡುಗೆಮನೆಗೆ ಹೋಗಿ, ಸದ್ದಾಗದ ಹಾಗೆ, ಇಬ್ಬರಿಗೂ ಕಾಫಿಗೆ ನೀರಿಟ್ಟೆ.